ನೀರಿನ ಮೇಲಿನ ಹೆಸರು – ಏಳನೆಯ ಕಂತು: ಬಾಕಿ ಉಳಿದ ಕೋಳಿ

ಜೂನ್ ತಿಂಗಳ ಗಾಳಿ ಕರಿಬಾ ಸರೋವರದ ಮೇಲಿಂದ ತಣ್ಣಗೆ ಬೀಸುತ್ತಿತ್ತು. ತೆಪ್ಪಗಳು ಬೆಳಗಿನ ಮೀನು ಇಳಿಸಿ ದಂಡೆಗೆ ಒರಗಿದ್ದವು. ಬೆರಳುದ್ದದ ಕಪೆಂಟಾ ಮೀನನ್ನು ಹೆಂಗಸರು ಬಲೆ ಹಾಸಿದ ಅಟ್ಟಣೆಗಳ ಮೇಲೆ ತೆಳ್ಳಗೆ ಹರಡಿ, ಅಂಗೈಯಿಂದ ಮಗುಚಿ ಮಗುಚಿ ಹಾಕುತ್ತಿದ್ದರು. ಮಧ್ಯಾಹ್ನ ಜಾರುವ ಹೊತ್ತಿಗೆ ಮೇಲಿನ ಮಗ್ಗುಲು ಗರಿಗರಿಯಾಗಬೇಕು, ಇಲ್ಲದಿದ್ದರೆ ರಾತ್ರಿಯ ತೇವಕ್ಕೆ ಕೆಡುತ್ತದೆ.

ಆ ಅಟ್ಟಣೆಗಳ ನಡುವೆ ಮೋಂದೆ ಹಾಲಿನ ಪುಡಿಯ ಖಾಲಿ ಡಬ್ಬವೊಂದನ್ನು ಕೋಲಿನ ತುದಿಗೆ ಕಟ್ಟಿ ಹಿಡಿದು ನಿಂತಿದ್ದಳು. ವೈಫೈ ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಹುಡುಕುವ ಆ ಡಬ್ಬದ ಬೆನ್ನಿನಿಂದ ಹೊರಟ ತಂತಿ ಅವಳ ಕೊರಳಿನ ಚೀಲದಲ್ಲಿದ್ದ ಸಣ್ಣ ಲ್ಯಾಪ್‌ಟಾಪಿಗೆ ಸೇರಿತ್ತು.

“ಏನೇ ಕಿರುಬದ ಮಗಳೇ, ಮೀನು ಕದಿಯಕ್ಕೆ ಈಗ ಡಬ್ಬನೂ ಹೊತ್ಕೊಂಡ್ ಬಂದ್ಯಾ?” ಸೋರೆಬುರುಡೆಯ ಹುಕ್ಕಾ ಸೇದುತ್ತಿದ್ದ ಮುದುಕಿ ಕೇಳಿದಳು.

“ನಿಮ್ಮ ಮೀನು ಯಾರಿಗ್ ಬೇಕಜ್ಜಿ? ಮೇಕೆ ನಾತ ಹೊಡೀತದೆ.”

ಹೆಂಗಸರು ನಕ್ಕರು. ಮೇಕೆ ಬೆಡಗಿನವರಿಗೂ ಕಿರುಬ ಬೆಡಗಿನವರಿಗೂ ಅಜ್ಜಂದಿರ ಕಾಲದಿಂದ ಬೈಗುಳದ ನಂಟು. ಮೇಕೆಗಳ ಮನೆಯಲ್ಲಿ ಸಾವಾದರೆ ಕಿರುಬಗಳೇ ಬಂದು ಮಣ್ಣಿನ ಕೆಲಸ ಮಾಡಬೇಕು, ಅಳುವವರನ್ನು ನಗಿಸಬೇಕು, ಯಾರೂ ಬಾಯಿಬಿಟ್ಟು ಕೇಳಲಾರದ್ದನ್ನು ಕೇಳಬೇಕು. ಅದಕ್ಕೆ ಯಾರೂ ಸಿಟ್ಟಾಗುವಂತಿಲ್ಲ. ಕೊನೆಗೆ ಸತ್ತವನ ಕಡೆಯವರು ಒಂದು ಕೋಳಿ ಕೊಟ್ಟರೆ ಆ ಹಕ್ಕು ಮುಗಿಯುತ್ತದೆ. ಮೋಂದೆಗೆ ಸಲ್ಲಬೇಕಾದ ಕೋಳಿ ಇನ್ನೂ ಬಂದಿರಲಿಲ್ಲ.

ಮುದುಕಿ ಹೊಗೆ ಬಿಟ್ಟು ತಗ್ಗಿದ ದನಿಯಲ್ಲಿ ಹೇಳಿದಳು: “ನೀನೇ ಅಲ್ವೇನೇ ಸತ್ತ ಸಿಯಾಂಪೊಂಡೊ ಜೇಬಿಗೆ ಫೋನ್ ತುರುಕಿ ಗೋರಿಗೆ ಇಳಿಸಿದ್ದು? ‘ಅಲ್ಲಿ ಗಾಳಿ ಹೆಂಗದೆ ಬರಿ’ ಅಂದಿದ್ದು? ಈಗ ಬರೀತಾವ್ನೆ. ಓದ್ಕೊ.”

ಈ ಸಲ ಯಾರೂ ನಗಲಿಲ್ಲ.

ಊರಿಗೆ ವೈಫೈ ತಂದವನು ಮೇಕೆ ಬೆಡಗಿನ ಸಿಯಾಂಪೊಂಡೊ. ಮಾರ್ಚಿನಲ್ಲಿ ಸರೋವರದಲ್ಲಿ ಮುಳುಗಿ ಸತ್ತ. ಈಗ ಸಂಜೆಯಾದರೆ ಫೋನಿನಲ್ಲಿ ಅವನ ಜಾಲ ತೆರೆದವರ ಕಣ್ಣಿಗೆ ಮೊದಲ ಪುಟದಲ್ಲೇ ಅವನದೇ ಮಾತು ಬೀಳುತ್ತಿತ್ತು. ನಿನ್ನೆ ಬಿದ್ದ ಮಾತು ಇದು: “ನನ್ನನ್ನು ನೀರಿಗೆ ತಳ್ಳಿದವಳು ನನ್ನ ಒಲೆಯ ಮುಂದೆ ಕೂತಿದ್ದಾಳೆ.” ಅವನ ಹೆಂಡತಿ ಟ್ವಾಂಬೊ ಇವತ್ತು ಹೊತ್ತು ಮುಳುಗುವುದರೊಳಗೆ ಊರು ಬಿಡಬೇಕೆಂದು ಮೇಕೆ ಬೆಡಗಿನ ಯಜಮಾನ ಮುಡೆಂಡಾ ಹೇಳಿಯಾಗಿತ್ತು.

ಗೋರಿಯೊಳಗಿನ ಫೋನು ಮೋಂದೆಯ ತಮಾಷೆ. ಆ ತಮಾಷೆಯ ಮೇಲೆಯೇ ಊರು ಈಗ ಒಂದು ಹೆಂಗಸನ್ನು ಹೊರಗೆ ಹಾಕಲು ಹೊರಟಿತ್ತು.

*

ಟ್ವಾಂಬೊ ಅಡುಗೆ ಗುಡಿಸಲಿನಲ್ಲಿ ಇದ್ದಳು. ದೊಡ್ಡ ಮನೆಯ ಬಾಗಿಲನ್ನು ಗಂಡನ ಮಣ್ಣಾದ ದಿನವೇ ಮರದ ನಾರಿನ ಹಗ್ಗದಿಂದ ಬಿಗಿದಿದ್ದರು. ಸತ್ತವನ ಹೆಸರನ್ನು ಇನ್ನೊಬ್ಬರು ಹೊರುವ ಶಾಸ್ತ್ರ ಆಗುವ ತನಕ ಅವನ ಮನೆ ತೆರೆಯುವಂತಿಲ್ಲ, ಅವನ ವಸ್ತು ಮುಟ್ಟುವಂತಿಲ್ಲ. ಮನೆಯ ಪಕ್ಕದ ಕಂಬದ ಮೇಲೆ ಅವನ ಆಂಟೆನಾ, ಕೆಳಗೆ ಸೌರಫಲಕ. ಅವೆರಡೂ ಅವನು ಬಿಟ್ಟುಹೋದ ಹಾಗೆಯೇ ಇದ್ದವು.

ಗಂಟು ಕಟ್ಟಿ ಆಗಿತ್ತು. ಎರಡು ಬಟ್ಟೆ, ಒಂದು ಮಡಕೆ.

“ಮಿಚೆಲೊ ಅವ್ವ, ಸುಮ್ನೆ ಓಡಾಡ್ಬೇಡ. ನಾನ್ ಹೋಯ್ತೀನಿ,” ಎಂದಳು ಟ್ವಾಂಬೊ. ಮೋಂದೆಯ ಮಗನ ಹೆಸರಿನಿಂದಲೇ ಅವಳನ್ನು ಕರೆಯುವುದು ರೂಢಿ.

“ಹೋಗೋಳು ಮಡಕೆ ಯಾಕೆ ಕಟ್ಟಿದ್ದೀಯ? ದಾರೀಲಿ ಮುದ್ದೆ ತಿರುವಕ್ಕಾ?”

ಟ್ವಾಂಬೊಗೆ ನಗು ಬರಲಿಲ್ಲ. ಗಂಟನ್ನು ಇನ್ನಷ್ಟು ಬಿಗಿಯುತ್ತ ಹೇಳಿದಳು: “ಮೊದಲ್ನೇ ಸಂಜೆ ನಂಗೆ ಖುಷಿಯಾಯ್ತು ಕಣೇ. ‘ಎದ್ರಾ? ಗಾಳಿ ಪಡುವಲಿಂದ ಬತ್ತಾ ಇದೆ, ದೂರ ಹೋಗ್ಬೇಡಿ’ ಅಂತ ಬಂದಿತ್ತು. ಅವ್ರು ಹಂಗೇ ಬರೆಯೋರು. ಸಂಜೆ ಹೊತ್ನಲ್ಲೂ ‘ಎದ್ರಾ’ ಅಂತ್ಲೇ ಬರೆಯೋರು, ರಾತ್ರಿ ಮೀನಿಗೆ ಹೋಗೋರಿಗೆ ಅದೇ ಬೆಳಗು ಅಂತ. ನಾನು ಫೋನನ್ನ ಎದೆ ಮೇಲಿಟ್ಕೊಂಡ್ ಮಲಗ್ದೆ. ಆಮೇಲೆ ಮಾತು ಕೆಟ್ಟೋಯ್ತು.”

ಮೋಂದೆ ಲ್ಯಾಪ್‌ಟಾಪ್ ತೆರೆದಳು. ಹಿಂದೆ ಪೊಲೀಸರ ವೈರ್‌ಲೆಸ್ ವಿಭಾಗದಲ್ಲಿದ್ದವಳು, ಈಗ ಕಣಿವೆಯ ಊರುಗಳ ಜಾಲವನ್ನು ಮೋಟಾರ್ ಸೈಕಲ್ಲಿನಲ್ಲಿ ಸುತ್ತಿ ನೋಡಿಕೊಳ್ಳುತ್ತಿದ್ದಳು. ಯಂತ್ರದ ಮಾತನ್ನು ಮನುಷ್ಯರ ಮಾತಿಗೆ ತಂದು ಹೇಳುವುದು ಅವಳಿಗೆ ರೂಢಿಯಾಗಿತ್ತು.

“ನೋಡು. ಇದು ನಿನ್ನೆ ಸಂಜೆ ಹಿಡಿದಿಟ್ಟಿದ್ದು. ನಿನ್ ಗಂಡನ ಜಾಲದ ಹೆಸರು ಎರಡು ಸಲ ಅದೆ.”

“ಎರಡೂ ಅವ್ರದ್ದೇ ಅಲ್ವಾ?”

“ಹೆಸರು ಯಾರ್ ಬೇಕಾದ್ರೂ ಇಟ್ಕೋಬೋದು. ನಾಳೆ ಶಾಸ್ತ್ರ ಆದ್ರೆ ಸೋದರಳಿಯ ಮಿಲಿಮೊ ನಿನ್ ಗಂಡನ ಹೆಸರು ಹೊರ್ತಾನೆ. ಆದ್ರೆ ಬೆಡಗು? ಅದು ತಾಯಿ ಹೊಟ್ಟೇಲಿ ಬಂದಿದ್ದು, ಶಾಸ್ತ್ರ ಮಾಡಿ ಹೊರಕ್ ಆಗಲ್ಲ. ಈ ಪೆಟ್ಟಿಗೆಗಳಿಗೂ ಹಂಗೇ, ಹುಟ್ಟುವಾಗ್ಲೇ ಒಂದು ಸಂಖ್ಯೆ ಬಂದಿರ್ತದೆ. ಅದನ್ನೂ ಮರೆಸೋ ಕಳ್ಳರು ಅವ್ರೆ. ಇವನು ಮರೆಸಿಲ್ಲ. ಒಂದು ಸಂಖ್ಯೆ ನಿಮ್ಮ ಕಂಬದ್ದು. ಇನ್ನೊಂದು ಬೇರೆ ಯಾವ್ದೋ ತಾಯಿ ಮಗು.”

“ಮತ್ತೆ ನಮ್ಮ ಫೋನು ಅದ್ರತ್ರ ಯಾಕ್ ಹೋಯ್ತು?”

“ಫೋನಿಗೆ ಕಣ್ಣಿಲ್ಲ. ಗೊತ್ತಿರೋ ಹೆಸರು ಕೂಗಿದ್ರೆ, ಗಂಟಲು ಜೋರಿದ್ದೋನ ಹಿಂದೆ ಹೋಗ್ತದೆ. ಪಾಸ್‌ವರ್ಡು ಒಂದೇ ಆದ್ರೆ ಸಾಕು, ಒಳಕ್ ಬಿಟ್ಕೋತದೆ. ಸಾವಾದ ವಾರವೇ ನಾನ್ ಹೇಳ್ದೆ, ಪಾಸ್‌ವರ್ಡ್ ಬದಲಾಯ್ಸಿ ಅಂತ. ಏನಂದ್ರಿ ಎಲ್ಲಾರೂ?”

ಟ್ವಾಂಬೊ ತಲೆ ತಗ್ಗಿಸಿದಳು. “ಅವ್ರು ಇಟ್ಟ ಮಾತು. ಹೆಸರು ಹೊರೋನು ಬರೋ ಗಂಟ ಮುಟ್ಬಾರ್ದು ಅಂದ್ವಿ.”

ಆ ಪಾಸ್‌ವರ್ಡು ಅಣೆಕಟ್ಟು ಬಂದಾಗ ನೀರಿನಡಿ ಹೋದ ಹಳೆಯ ಊರಿನ ಹೆಸರು. ಊರಿನ ಮಕ್ಕಳಿಗೂ ಅದು ಬಾಯಿಪಾಠ.

ಮೋಂದೆ ಎದ್ದಳು. “ನಿನ್ನೆ ಸಂಜೆ ಈ ಡಬ್ಬ ಹಿಡ್ಕೊಂಡು ಸುತ್ತ ತಿರುಗ್ದೆ. ನೆಲದ ಕಡೆ ತಿರುಗಿಸಿದ್ರೆ ಆ ಎರಡ್ನೇ ದನಿ ಸಣ್ಣಗಾಗ್ತಿತ್ತು. ನೀರಿನ ಕಡೆ ತಿರುಗಿಸಿದ್ರೆ ಏರ್ತಿತ್ತು. ತೆಪ್ಪಗಳು ಒಳಕ್ ಹೋದಂಗೆ ಅದೂ ಹೋಯ್ತು.”

ಟ್ವಾಂಬೊ ಬಾಯಿಗೆ ಕೈ ಇಟ್ಟುಕೊಂಡಳು. ನೀರಿನಿಂದ ಬಂದು ನೀರಿಗೆ ಹೋಗುವುದು ಏನೆಂದು ಈ ಊರಿನಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ.

“ಹೆದರ್ಬೇಡ. ದೆವ್ವಕ್ಕೆ ಬ್ಯಾಟರಿ ಬೇಕಾಗಲ್ಲ. ಇದಕ್ಕೆ ಬೇಕು. ಹಗಲು ತೆಪ್ಪದ ಬ್ಯಾಟರಿಯೆಲ್ಲಾ ದಂಡೇಲಿ ಬಿಸಿಲಿಗೆ ಚಾರ್ಜಾಗ್ತಾ ಇರ್ತವೆ. ಹಗಲು ಇದೂ ಸತ್ತಿರ್ತದೆ. ಸಂಜೆ ದೀಪಕ್ಕೆ ಅಂತ ಬ್ಯಾಟರಿ ಕಟ್ತಾರೆ. ಆಗ ಇದೂ ಏಳ್ತದೆ.”

*

ಮಿಲಿಮೊ ತನ್ನ ತೆಪ್ಪದ ಮೇಲೆ ಕೂತು ಹರಿದ ಬಲೆಗೆ ಗಂಟು ಹಾಕುತ್ತಿದ್ದ. ಡ್ರಮ್ಮುಗಳ ಮೇಲೆ ಹಲಗೆ ಹೊಡೆದ ಅಗಲವಾದ ತೆಪ್ಪ ಅದು. ಮೊದಲು ಮಾವ ಸಿಯಾಂಪೊಂಡೊನದಾಗಿತ್ತು. ಶಾಸ್ತ್ರಕ್ಕೆ ಮುಂಚೆ ತೆಪ್ಪ ಮುಟ್ಟಬಾರದೆಂದು ಯಾರೂ ಅನ್ನಲಿಲ್ಲ, ಹೊಟ್ಟೆ ನಡೆಯಬೇಕಲ್ಲ.

ಸತ್ತವನ ತೆಪ್ಪವನ್ನೇ ಮೊದಲು ನೋಡೋಣವೆಂದು ಮೋಂದೆ ಮಂಡಿಯುದ್ದದ ನೀರಿನಲ್ಲಿ ನಡೆದು ಬಂದು ಹಲಗೆ ಹತ್ತಿದಳು.

“ಮೇಕೆ ಮರಿ ನೀರಿನ ಮೇಲೆ ಏನ್ ಮೇಯ್ತಾ ಇದ್ಯೋ?”

“ಕಿರುಬಕ್ಕೆ ಈಜು ಬರಲ್ಲ ಅಂತಾರೆ. ಹುಷಾರು ಅಕ್ಕ.” ಅವನು ನಗಲು ನೋಡಿದ. ಕೈಯಲ್ಲಿದ್ದ ಬಲೆಯ ಸೂಜಿ ನಿಂತಿತು.

ಅವಳು ತೆಪ್ಪದ ಸುತ್ತ ಒಂದು ಸಲ ಕಣ್ಣಾಡಿಸಿದಳು. ದೀಪದ ಕೋಲು, ಅದರ ಬುಡದಲ್ಲಿ ಬ್ಯಾಟರಿಯ ಖಾಲಿ ಗೂಡು, ಮೀನಿನ ಪುಟ್ಟಿಗಳು. ಗೂಡಿನಿಂದ ಎರಡು ತಂತಿ ಹೊರಟಿದ್ದವು. ಒಂದು ದೀಪಕ್ಕೆ. ಇನ್ನೊಂದು ಹಲಗೆಯ ಸಂದಿನಲ್ಲಿ ಇಳಿದಿತ್ತು.

“ಒಂದು ದೀಪಕ್ಕೆ ಎರಡು ತಂತಿ ಯಾಕಪ್ಪ? ಒಂದು ನಿಂಗೆ, ಒಂದು ನಿನ್ ಮಾವನ ದೆವ್ವಕ್ಕಾ?”

“ಹಂಗನ್ಬೇಡ ಅಕ್ಕ.”

“ಅಂತೀನಿ. ನಂಗೆ ಹಕ್ಕದೆ. ನಿಮ್ಮ ಕೋಳಿ ಇನ್ನೂ ಬಂದಿಲ್ಲ. ಮಾವನ ಹೆಸರು ಹೊರಕ್ಕೆ ಮುಂಚೆ ಮಾವನ ನಾಲಿಗೆ ಕಿತ್ಕೊಂಡ್ಯಾ? ಅತ್ತೆನ ಓಡ್ಸಿದ್ರೆ ಮನೆ ನಿಂದು, ತೆಪ್ಪ ನಿಂದು, ಬಾಗಿಲ ಹಗ್ಗ ಬಿಚ್ಚೋ ಕೈಯೂ ನಿಂದು. ಅಲ್ವೇನೋ ಕಳ್ಳ ಮೇಕೆ?”

ಬೇರೆ ಯಾರಾದರೂ ಅಂದಿದ್ದರೆ ಬಲೆಯ ಸೂಜಿ ಅವರ ಮೈಗೆ ಇಳಿಯುತ್ತಿತ್ತು. ಮಿಲಿಮೊನ ಕಣ್ಣು ಕೆಂಪಾದವು. ಆದರೆ ಕಿರುಬದ ಮಾತಿಗೆ ಸಿಟ್ಟಾಗುವಂತಿಲ್ಲ, ಎದ್ದು ಹೋಗುವಂತಿಲ್ಲ, ಸುಳ್ಳು ಹೇಳುವಂತೆಯೂ ಇಲ್ಲ.

ಅವನು ಬಗ್ಗಿ ಹಲಗೆ ಎತ್ತಿದ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಬಿಳಿ ಪೆಟ್ಟಿಗೆ, ಎರಡು ಕಿವಿಯಂಥ ಆಂಟೆನಾ.

“ಮಾವಂದೇ. ತೆಪ್ಪಕ್ಕೆ ಹಾಕನ ಅಂತ ಅವನೇ ತಂದು ಇಲ್ಲಿಟ್ಟಿದ್ದ. ಮಾಡಿ ಮುಗಿಸ್ಲಿಲ್ಲ.”

“ನೀನ್ ಮುಗಿಸ್ದೆ.”

“ಊಂ.” ಅವನು ನೀರು ನೋಡುತ್ತ ಹೇಳಿದ: “ಅವ್ನು ಬರೆದಿದ್ದ ಹಳೇ ಮಾತುಗಳು ನನ್ ಫೋನಲ್ಲಿ ಇದ್ವು. ಮಾವನ ಜಾಲದ ಹೆಸ್ರನ್ನೇ ಪೆಟ್ಟಿಗೆಗೂ ಇಟ್ಟು, ದಿನಕ್ಕೊಂದು ಬರೋ ಹಂಗೆ ಹಾಕ್ದೆ. ಒಳಗೆ ದೂರ ಹೋದ್ಮೇಲೆ ಕತ್ಲು, ನೀರು, ಇನ್ನೇನಿಲ್ಲ ಅಕ್ಕ. ಅಲ್ಲಿ ಕೂತು ‘ಎದ್ರಾ’ ಅಂತ ಓದಿದ್ರೆ ಒಬ್ಬ ಇದ್ದಂಗೆ ಆಯ್ತದೆ. ಹೆಸರು ಹೊತ್ಕೊಂಡ ದಿನ ಮಾವ ಹೋಗ್ಬಿಡ್ತಾನೆ. ಅಲ್ಲಿಗಂಟ ಇರ್ಲಿ ಅಂದ್ಕೊಂಡೆ. ದಂಡೆಗೂ ಕೇಳ್ತದೆ ಅಂತ ಗೊತ್ತಿರ್ಲಿಲ್ಲ.”

“ನೀರಿನ ಮೇಲೆ ದನಿ ದೂರ ಹೋಗ್ತದೆ. ಅಡ್ಡ ಏನೂ ಇಲ್ವಲ್ಲ. ಗೊತ್ತಾದ್ಮೇಲೆ?”

“ಎಲ್ಲಾರೂ ದೆವ್ವ ಅಂತಿದ್ರು. ಬಾಯಿ ಬಿಡಕ್ಕೆ ಭಯ ಆಯ್ತು.”

“ಅತ್ತೆ ಮೇಲಿನ ಮಾತು?”

“ನಾನ್ ಬರೀಲಿಲ್ಲ.” ಅವನು ಮೊದಲ ಸಲ ಅವಳ ಮುಖ ನೋಡಿದ. “ನನ್ನವ್ವನ ಹಾಲಾಣೆ, ನಾನ್ ಬರೀಲಿಲ್ಲ. ನಾನು ಹಾಕಿದ್ದು ಹಳೇ ಮಾತು. ಅದ್ರ ಜಾಗದಲ್ಲಿ ಇದು ಬಂದು ಕೂತಿತ್ತು. ನಂಗೂ ದೆವ್ವ ಅಂತ್ಲೇ ಅನ್ನಿಸ್ತು ಅಕ್ಕ. ನನ್ ಮೇಲೆ ಸಿಟ್ಟಾಗವ್ನೆ ಅಂದ್ಕೊಂಡೆ.”

ಅಲೆಯೊಂದು ಡ್ರಮ್ಮುಗಳಿಗೆ ಬಡಿದು ಟೊಳ್ಳು ಸದ್ದು ಮಾಡಿತು.

“ಪೆಟ್ಟಿಗೆಯ ಒಳಗಿನ ಬೀಗಕ್ಕೆ ಯಾವ ಪಾಸ್‌ವರ್ಡ್ ಇಟ್ಟೆ? ಊರಿಗೆ ಕೊಟ್ಟಿದ್ದಲ್ಲ. ಮಾತು ಬದಲಾಯ್ಸಕ್ಕೆ ಒಳಕ್ ಹೋಗೋದು.”

“ಅದಕ್ಕೂ ಒಂದಿದ್ಯಾ?”

ಮೋಂದೆ ಕಣ್ಣು ಮುಚ್ಚಿ ಉಸಿರು ಬಿಟ್ಟಳು. “ಅಂಗಡಿಯಿಂದ ಬಂದಾಗ ಇದ್ದದ್ದೇ ಅದೆ ಅನ್ನು. ಪೆಟ್ಟಿಗೆ ಬೆನ್ನ ಮೇಲೇ ಅಚ್ಚಾಗಿರೋದು. ಅಂದ್ರೆ ಮುಂಬಾಗಿಲಿಗೆ ಊರಿಗೆಲ್ಲಾ ಗೊತ್ತಿರೋ ಬೀಗ, ಒಳಬಾಗಿಲಿಗೆ ಬೀಗದ ಕೈ ನೇತಾಕಿದ್ದೀಯ. ಜಾಲದೊಳಗೆ ಬಂದ ಯಾರಾದ್ರೂ ಸೀದಾ ಒಳಕ್ ಹೋಗಿ ಮಾವನ ಬಾಯಲ್ಲಿ ತಮ್ಮ ಮಾತು ಆಡ್ಬೋದು.”

“ಹಂಗಾದ್ರೆ ಯಾರು?”

“ಅದನ್ನ ಅವರೇ ಹೇಳ್ಲಿ. ನೀನ್ ಪೆಟ್ಟಿಗೆ ಇದ್ದಂಗೇ ಇಡು. ಹೊತ್ತು ಇಳಿಯೋವಾಗ ಬ್ಯಾಟರಿ ಕಟ್ಟು, ತೆಪ್ಪ ದಂಡೇಲೇ ಇರ್ಲಿ. ಆಮೇಲೆ ಓಡ್ಬಂದು ಸಭೇಲಿ ಕೂರು. ಯಾರ್ಗೂ ಉಸಿರು ಬಿಟ್ಟೀಯ, ಕೊಂಬು ಮುರೀತೀನಿ.”

*

ಬಿಸಿಲು ಕೆಂಪಾಗುವ ಹೊತ್ತಿಗೆ ಜನ ಸಿಯಾಂಪೊಂಡೊನ ಮನೆಯ ಅಂಗಳದಲ್ಲಿ ಕೂಡಿದ್ದರು. ಹಗ್ಗ ಬಿಗಿದ ಬಾಗಿಲಿಗೆ ಬೆನ್ನು ಮಾಡಿ ಯಜಮಾನ ಮುಡೆಂಡಾ ಮೂರುಕಾಲಿನ ಮಣೆಯ ಮೇಲೆ ಕೂತಿದ್ದ. ಎದುರಿಗೆ ಟ್ವಾಂಬೊ, ಪಕ್ಕದಲ್ಲಿ ಗಂಟು. ಅವಳ ಹತ್ತಿರ ಯಾರೂ ಕೂತಿರಲಿಲ್ಲ.

ಮೋಂದೆ ಅಡುಗೆ ಗುಡಿಸಲಿನಿಂದ ಒಂದು ಮೊರ ತಂದು ನಡುವೆ ಇಟ್ಟಳು.

“ಫೋನುಗಳೆಲ್ಲಾ ಇದಕ್ಕೆ ಹಾಕಿ. ಮೇಕೆಗಳು ಸಭೇಲಿ ಕೂತು ಮೆಲುಕು ಹಾಕೋದು ಸಾಕು.”

“ಏನವ್ವ ಇದು?” ಎಂದ ಯಜಮಾನ.

“ಕೇರಿ ನೋಡ್ತೀನಿ ಯಜಮಾನ್ರೇ. ಜೊಳ್ಳೆಷ್ಟು ಕಾಳೆಷ್ಟು ಅಂತ. ನಿಮ್ಮದೂ ಹಾಕಿ. ಆ ಜೇಬಲ್ಲ, ಈ ಜೇಬು.”

ಗೊಣಗುತ್ತಾ ನಗುತ್ತಾ ಒಬ್ಬೊಬ್ಬರೇ ಹಾಕಿದರು. ಹುಕ್ಕಾದ ಮುದುಕಿ ಸೆರಗಿನಿಂದ ಬಿಚ್ಚಿ ಕೊಟ್ಟಳು. ಮಿಲಿಮೊ ಏದುಸಿರು ಬಿಡುತ್ತ ಬಂದು ತನ್ನದನ್ನೂ ಹಾಕಿದ. ಟ್ವಾಂಬೊಳ ಫೋನು ಮೇಲೆ ಬಂದು ಕೂತಿತು. ಮೋಂದೆ ಮಾತ್ರ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡಳು, ಎಲ್ಲರಿಗೂ ಕಾಣುವಂತೆ.

ಪರದೆಯ ಮೇಲೆ ಜಾಲದ ಹೆಸರು ಎರಡಾಯಿತು. ತೆಪ್ಪದ ಪೆಟ್ಟಿಗೆ ಎದ್ದಿತ್ತು. ಪುಟ ತೆರೆಯಿತು.

“ಎದ್ರಾ? ಇವತ್ತು ನೀರು ಶಾಂತವಾಗಿದೆ. ಮೊಸಳೆಗೆ ನಮಸ್ಕಾರ ಹೇಳಿ.”

ಅಂಗಳದಲ್ಲಿ ಯಾರೋ ಬಿಕ್ಕಿದರು. ಸತ್ತವನು ಹಾಗೆಯೇ ಬರೆಯುತ್ತಿದ್ದ.

“ಇದು ಹಳೇದು. ಇದನ್ನ ಯಾರು ಯಾಕೆ ಇಟ್ರು ಅಂತ ಆಮೇಲ್ ಹೇಳ್ತೀನಿ. ಈಗ ಕಾಯಿರಿ,” ಎಂದಳು ಮೋಂದೆ.

ಯಜಮಾನ ಕಾಯಲಿಲ್ಲ. ಮಣೆಯ ಹಿಂದಿನಿಂದ ಕಾಲು ಕಟ್ಟಿದ್ದ ಕೆಂಪು ಕೋಳಿಯೊಂದನ್ನು ಎತ್ತಿ ಮುಂದೆ ಹಿಡಿದ.

“ಮಿಚೆಲೊ ಅವ್ವ, ತಪ್ಪು ನಮ್ಮದು. ನಿನ್ ಕೋಳಿ ಮುಂಚೇನೇ ಕೊಡ್ಬೇಕಿತ್ತು. ತಗೊ. ಸಾವಿನ ಕೆಲ್ಸ ಮುಗೀತು. ಉಳಿದಿದ್ದು ಮನೆಯವ್ರ ಮಾತು, ನಾವ್ ನೋಡ್ಕೋತೀವಿ.”

ತಗೊಂಡರೆ ಅವಳು ಈ ಅಂಗಳದಲ್ಲಿ ಬರೀ ಒಬ್ಬ ಹೊರಗಿನವಳು. ಅದು ಮುಡೆಂಡಾನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಕೈ ಚಾಚಲಿಲ್ಲ. ಪುಟವನ್ನು ಮತ್ತೊಮ್ಮೆ ತೆರೆದಳು.

ಹಳೆಯ ಮಾತು ಇರಲಿಲ್ಲ.

“ಕಿರುಬಕ್ಕೆ ಅದರ ಕೋಳಿ ಕೊಟ್ಟು ಕಳಿಸಿ. ಅವಳನ್ನೂ ಕಳಿಸಿ.”

ಮುದುಕಿಯ ಹುಕ್ಕಾ ಮಣ್ಣಿಗೆ ಬಿತ್ತು. ಕೋಳಿ ಹೊರಬಂದು ಒಂದು ಉಸಿರಿನಷ್ಟು ಹೊತ್ತಾಗಿತ್ತು ಅಷ್ಟೆ. ಬರೆದವನು ಅದನ್ನು ಕೇಳಿಸಿಕೊಂಡಿದ್ದ. ಮೊರದಲ್ಲಿ ಎಲ್ಲರ ಫೋನೂ ಕಪ್ಪಗೆ ಮಲಗಿದ್ದವು. ಎಲ್ಲರ ಕೈಯೂ ಖಾಲಿ. ಯಜಮಾನನ ಕೈಯಲ್ಲಿ ಕೋಳಿ, ಟ್ವಾಂಬೊಳ ಕೈ ಗಂಟಿನ ಮೇಲೆ.

“ನೋಡಿದ್ರಾ? ಬರೆದೋರು ಇಲ್ಲಿ ಕೂತಿರೋರಲ್ಲಿ ಯಾರೂ ಅಲ್ಲ,” ಎಂದಳು ಮೋಂದೆ. ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. “ಸತ್ತೋನೂ ಅಲ್ಲ. ಗೋರಿಯೊಳಗೆ ಚಾರ್ಜರ್ ಚುಚ್ಚಕ್ಕೆ ಜಾಗ ಎಲ್ಲದೆ? ಇಷ್ಟು ದಿನ ಯಾವ ಫೋನು ಉಸಿರು ಹಿಡಿದಿರ್ತದೆ? ಬದುಕಿರೋ ಯಾರೋ ಬರೀತಾವ್ರೆ. ಇಲ್ಲೇ ಹತ್ರ.”

ಮಾತಾಡುತ್ತಲೇ ಅವಳು ಅಂಗಡಿಯ ಪಾಸ್‌ವರ್ಡಿನಿಂದ ತೆಪ್ಪದ ಪೆಟ್ಟಿಗೆಯ ಒಳಹೊಕ್ಕಳು. ಈ ಕ್ಷಣ ಅದಕ್ಕೆ ಅಂಟಿಕೊಂಡಿದ್ದ ಫೋನುಗಳಲ್ಲಿ ಕೆಲವು ಮೊರದಲ್ಲಿದ್ದವೇ. ಪುಟ ಬದಲಾಯಿಸಿದ್ದು ಅವುಗಳಲ್ಲಿ ಯಾವುದೂ ಅಲ್ಲ. ಅದರ ಹುಟ್ಟುಸಂಖ್ಯೆ ಬೇರೆಯಾಗಿತ್ತು. ಅದನ್ನು ಅವಳು ಓದಿದಳು, ಮತ್ತೆ ಓದಿದಳು.

ಆ ಸಂಖ್ಯೆ ಅವಳಿಗೆ ಪರಿಚಯದ್ದು. ಕಂಬದ ಪೆಟ್ಟಿಗೆ ನಿಲ್ಲಿಸಿದ ದಿನ ಮೊದಲು ಜೋಡಿಸಿದ ಫೋನು ಅದೇ. ಅವಳೇ ಜೋಡಿಸಿದ್ದಳು. ಮಾರ್ಚಿನಲ್ಲಿ ಅದನ್ನೇ ತನ್ನ ಕೈಯಾರೆ ಸಿಯಾಂಪೊಂಡೊನ ಅಂಗಿಯ ಜೇಬಿಗೆ ತುರುಕಿ, ಗುಂಡಿ ಹಾಕಿ, ಅವನ ಮೇಲೆ ಮಣ್ಣೆಳೆದಿದ್ದಳು.

ಅವಳು ಯಾರಿಗೂ ಹೇಳಲಿಲ್ಲ. ಡಬ್ಬ ಕಟ್ಟಿದ ಕೋಲು ಎತ್ತಿ ನಿಧಾನವಾಗಿ ತಿರುಗಿದಳು. ನೀರಿನ ಕಡೆ, ಆ ಫೋನಿನ ಸಂಕೇತ ಕುಗ್ಗಿತು. ಗೋರಿಗಳ ದಿಬ್ಬದ ಕಡೆ, ಇನ್ನೂ ಕುಗ್ಗಿತು. ಜನರ ಕಡೆ, ಸ್ವಲ್ಪ ಏರಿತು. ಯಜಮಾನನ ಕಡೆ ತಿರುಗಿಸಿದಾಗ ಜಿಗಿದು ಮೇಲೇರಿ ನಿಂತಿತು.

“ಏಳಿ ಯಜಮಾನ್ರೇ. ಪಕ್ಕಕ್ ಬನ್ನಿ.”

ಮುಡೆಂಡಾ ಎದ್ದು ಸರಿದ. ಸಂಕೇತ ಅಲುಗಲಿಲ್ಲ. ಡಬ್ಬದ ಬಾಯಿ ಈಗ ನೇರ ನೋಡುತ್ತಿದ್ದುದು ಅವನ ಹಿಂದಿನ ಬಾಗಿಲನ್ನು. ಹಗ್ಗದ ಗಂಟು ಗಂಟಾಗಿಯೇ ಇತ್ತು. ಅದರ ಮೇಲೆ ಮೆತ್ತಿದ ಮಣ್ಣೂ ಬಿರುಕು ಬಿಟ್ಟಿರಲಿಲ್ಲ.

“ತಗೊಳ್ಳವ್ವ ಕೋಳಿ.” ಯಜಮಾನ ಅದನ್ನು ಮತ್ತೆ ಮುಂದೆ ಚಾಚಿದ. “ತಗೊಂಡು ಹೋಗ್ಬಿಡು. ಒಳ್ಳೇದಲ್ಲ ಇದು.”

“ಇಲ್ಲ. ಈ ಸಾಲ ಹಿಂಗೇ ಇರ್ಲಿ. ಇದು ತೀರೋ ಗಂಟ ನಾನು ಕೇಳೋಳು, ನೀವು ಹೇಳೋರು. ಟ್ವಾಂಬೊ, ಗಂಟು ಬಿಚ್ಚು. ಮಡಕೆ ಒಲೆ ಮೇಲಿಡು.”

ಮೋಂದೆ ಅವನ ಕೈಯಲ್ಲಿದ್ದ ಕೋಳಿಯ ಕಾಲಿನ ಕಟ್ಟು ಬಿಚ್ಚಿ ಕೆಳಗೆ ಬಿಟ್ಟಳು. ಅದು ಒಮ್ಮೆ ರೆಕ್ಕೆ ಕೊಡವಿ, ಜನರ ಕಾಲುಗಳ ನಡುವೆ ನುಸುಳಿ, ಮನೆಯ ಗೋಡೆಯುದ್ದಕ್ಕೂ ಓಡಿ ಹಿಂದಕ್ಕೆ ಮರೆಯಾಯಿತು. ಯಾರೂ ಹಿಡಿಯಲು ಹೋಗಲಿಲ್ಲ.

ಟ್ವಾಂಬೊ ಗಂಟಿಗೆ ಕೈ ಹಾಕಿದ್ದವಳು ಹಾಗೆಯೇ ನಿಂತಳು. ಎಲ್ಲರೂ ಕಿವಿಗೊಟ್ಟರು.

ಕೋಳಿಯ ಕೊಕ್ಕೊಕ್ಕೊ ಸದ್ದು ಮನೆಯ ಹಿಂದಿನಿಂದ ಬರುತ್ತಿರಲಿಲ್ಲ. ಬಿಗಿದ ಬಾಗಿಲಿನ ಆಚೆಯಿಂದ, ಒಳಗಿನಿಂದ ಬರುತ್ತಿತ್ತು.

ಆಮೇಲೆ, ಯಾರೋ ಅದರ ಕೊರಳಿಗೆ ಮೆಲ್ಲಗೆ ಕೈಯಿಟ್ಟಂತೆ, ಆ ಸದ್ದು ನಿಂತಿತು.